ಮಾಲೀಕರ ತೆರಿಗೆ ಬಾಕಿಗೆ ನನ್ನ ಅಂಗಡಿಗೆ ಬೀಗವೇ?

ಪ್ರಶ್ನೆ: ಮೇಡಂ, ಬಾಡಿಗೆ ಮಳಿಗೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ಬಾಡಿಗೆಯನ್ನು ಒಂದು ತಿಂಗಳೂ ತಪ್ಪಿಸಿಲ್ಲ. ಮೊನ್ನೆ ಪಾಲಿಕೆಯವರು ಶಟರ್ ಮೇಲೆ ನೋಟಿಸ್ ಅಂಟಿಸಿ ಹೋದರು. ಮಾಲೀಕರು ಮೂರು ವರ್ಷಗಳಿಂದ ಆಸ್ತಿ ತೆರಿಗೆ ಕಟ್ಟಿಲ್ಲವಂತೆ. ಕೇಳಿದರೆ "ನೋಡೋಣ" ಎನ್ನುತ್ತಾರೆ. ನಾನೇನು ತಪ್ಪು ಮಾಡಿದ್ದೇನೆ?

ಉತ್ತರ: ನಿಮ್ಮದು ಏನೂ ತಪ್ಪಿಲ್ಲ. ಆದರೆ ಆಸ್ತಿ ತೆರಿಗೆಯ ಹೊರೆ ಕಟ್ಟಡದ ಮೇಲೆಯೇ ಇರುತ್ತದೆ, ಒಳಗೆ ಯಾರಿದ್ದರೂ ಸರಿ. 2021ರಲ್ಲಿ ಮಲ್ಲೇಶ್ವರದ ಮಂತ್ರಿ ಮಾಲ್‌ಗೆ ಕೋಟ್ಯಂತರ ರೂಪಾಯಿ ಬಾಕಿಗಾಗಿ ಬೀಗ ಬಿದ್ದಾಗ ವ್ಯಾಪಾರ ನಿಂತದ್ದು ಒಳಗಿದ್ದ ಅಂಗಡಿಗಳದ್ದು. ಹಾಗಾಗಿ "ನೋಡೋಣ" ಎಂಬ ಮಾತನ್ನು ನಂಬಿ ಕೂರಬೇಡಿ.

ಬೆಂಗಳೂರಿನ ನಿಯಮ ಬೇರೆ. ಉಳಿದ ಮಹಾನಗರ ಪಾಲಿಕೆಗಳಲ್ಲಿ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಜುಲೈನಿಂದ ತಿಂಗಳಿಗೆ ಶೇಕಡಾ 2ರಂತೆ ದಂಡ. ಒಂದು ಲಕ್ಷದ ತೆರಿಗೆಗೆ ಮಾರ್ಚ್ ಮುಗಿಯುವಷ್ಟರಲ್ಲಿ 18,000 ರೂಪಾಯಿ ಹೆಚ್ಚುವರಿ. ಮೂರು ವರ್ಷದ್ದು ಎಷ್ಟಾಗಿರಬಹುದೆಂದು ನೀವೇ ಲೆಕ್ಕ ಹಾಕಿ.

ನಿಮಗೊಂದು ದಾರಿಯಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮಾಲೀಕರು ಕಟ್ಟಬೇಕಾದ ಹಣವನ್ನು ಕಟ್ಟದೆ ಅದು ಆಸ್ತಿಯ ಮೇಲೆ ವಸೂಲಾಗುವಂತಿದ್ದರೆ, ಬಾಡಿಗೆದಾರರು ತಾವೇ ಕಟ್ಟಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರುಪತ್ರದಲ್ಲಿ ಇದಕ್ಕೆ ವಿರುದ್ಧವಾದ ಷರತ್ತು ಇರಬಾರದು, ಅಷ್ಟೇ.

ಪ್ರಶ್ನೆ: ಬಾಡಿಗೆ ಮುರಿದುಕೊಂಡರೆ ಖಾಲಿ ಮಾಡಿಸುತ್ತಾರೆಂಬ ಭಯ. ಕಟ್ಟಡದಲ್ಲಿ ಇನ್ನೂ ಮೂರು ಅಂಗಡಿಗಳಿವೆ.

ಉತ್ತರ: ಭಯ ಸಹಜ. ಅದಕ್ಕೇ ಎಲ್ಲವೂ ಕಾಗದದಲ್ಲಿರಲಿ. ಮೊದಲು ಪಾಲಿಕೆಯ ಕಂದಾಯ ವಿಭಾಗಕ್ಕೆ ಹೋಗಿ, ನೋಟಿಸ್‌ನಲ್ಲಿರುವ ಆಸ್ತಿ ಸಂಖ್ಯೆ ತೋರಿಸಿ ಬಾಕಿಯ ವರ್ಷವಾರು ವಿವರ ಪಡೆಯಿರಿ. ಇಡೀ ಕಟ್ಟಡಕ್ಕೆ ಒಂದೇ ಸಂಖ್ಯೆ ಇದ್ದರೆ ನಾಲ್ವರೂ ಕೂಡಿ ಕಟ್ಟುವುದು ಲೇಸು. ಒಬ್ಬರೇ ಎಲ್ಲರ ಭಾರ ಹೊರಬೇಡಿ. ಕಟ್ಟುವ ಮೊದಲು ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ: ಇಷ್ಟು ಬಾಕಿ, ಇಂಥ ದಿನದೊಳಗೆ ನೀವು ಕಟ್ಟದಿದ್ದರೆ ನಾವು ಕಟ್ಟಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ ಎಂದು. ಚಲನ್ ಮತ್ತು ರಸೀದಿಯನ್ನು ಜೋಪಾನವಾಗಿಡಿ. ಕಟ್ಟಿದ ಹಣ ಮತ್ತು ಅದರ ಬಡ್ಡಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಮುರಿಯಬೇಡಿ. ಕೋಪದಲ್ಲಿ ಪೂರ್ತಿ ಬಾಡಿಗೆ ನಿಲ್ಲಿಸಿದವರೇ ಕೋರ್ಟಿನಲ್ಲಿ ಕಷ್ಟಕ್ಕೆ ಸಿಲುಕುತ್ತಾರೆ.

ಕರಾರುಪತ್ರದಲ್ಲಿ ತೆರಿಗೆಯ ಬಗ್ಗೆ ಬರೆದಿರುವ ಸಾಲನ್ನು ಇಲ್ಲಿ ಹಾಕಿ, ಹೆಸರು ವಿಳಾಸ ಬೇಡ. ನೋಡಿ ಹೇಳುತ್ತೇನೆ.