ಟೆಲೊಮಿಯರ್ ಚಿಕ್ಕದು ಅಂತ ರಿಪೋರ್ಟ್ ಬಂದಿದೆ, ನನಗೂ ಸಂಧಿವಾತ ಬರುತ್ತದಾ?

ಪ್ರಶ್ನೆ: ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳಲ್ಲಿ ಉರಿಯೂತ ಬರುವ ಸಂಧಿವಾತ) ಇದೆ. ಹೆದರಿಕೆಗೆ ಟೆಲೊಮಿಯರ್ ಪರೀಕ್ಷೆ ಮಾಡಿಸಿದೆ. ವಯಸ್ಸಿಗಿಂತ ಚಿಕ್ಕದು ಅಂತ ಬಂತು, ಬೆನ್ನಿಗೇ ಅದನ್ನು ಉದ್ದ ಮಾಡುವ ಮಾತ್ರೆಯ ಜಾಹೀರಾತೂ ಬಂತು. ತಗೊಳ್ಳಲಾ? ಅನುಭವ ಇದ್ದವರು ಹೇಳಿ.

ಉತ್ತರ 1: ನನಗೆ ಇದೇ ಕಾಯಿಲೆ, 11 ವರ್ಷವಾಯಿತು. ನಾನೂ ಮಾಡಿಸಿದ್ದೆ, ಚಿಕ್ಕದು ಅಂತಲೇ ಬಂತು. ಓಹೋ, ಎಲ್ಲದಕ್ಕೂ ಇದೇ ಮೂಲ ಅಂದುಕೊಂಡು ಡಾಕ್ಟರ ಮುಂದೆ ಇಟ್ಟರೆ ಅವರು ಕೇಳಿದ್ದು ಒಂದೇ ಮಾತು: ‘ಕಾಯಿಲೆ ಬರುವ ಮುಂಚೆ ಎಷ್ಟಿತ್ತು?’ ಯಾರಿಗೆ ಗೊತ್ತು! ಟೆಲೊಮಿಯರ್ ಅಂದರೆ ಕ್ರೋಮೋಸೋಮಿನ ತುದಿ, ಜೀವಕೋಶ ಒಡೆದು ಎರಡಾದಾಗಲೆಲ್ಲ ಸ್ವಲ್ಪ ಸವೆಯುತ್ತದೆ. ಉರಿಯೂತ ಇದ್ದಾಗ ಬಿಳಿ ರಕ್ತಕಣಗಳಿಗೆ ಕೆಲಸ ಜಾಸ್ತಿ, ಸವೆತವೂ ಜಾಸ್ತಿ. ಪರೀಕ್ಷೆ ಅಳೆಯುವುದೂ ಅವನ್ನೇ ಅಲ್ವಾ? ಹಾಗಾಗಿ ಯಾವುದರಿಂದ ಯಾವುದು ಬಂತು ಅಂತ ಆ ಒಂದು ಅಂಕಿಯಿಂದ ಹೇಳಲು ಬರುವುದಿಲ್ಲ.

ಈ ಗಂಟು ಬಿಡಿಸಲು ಸಂಶೋಧಕರು ಜೀನ್ ಹಿಡಿದು ಹೋಗುತ್ತಾರೆ. ಟೆಲೊಮಿಯರ್ ಕಟ್ಟಲು ಬೇಕಾದ ಟರ್ಟ್, ಟರ್ಕ್ ಥರದ ಜೀನ್‌ಗಳ ಬಳಿಯ ಸಣ್ಣ ವ್ಯತ್ಯಾಸಗಳು ಹುಟ್ಟಿನಿಂದಲೇ ಈ ಉದ್ದವನ್ನು ತುಸು ಆಚೀಚೆ ಮಾಡಿರುತ್ತವೆ. ಆಮೇಲೆ ಬಂದ ಕಾಯಿಲೆಗೆ ಆ ಜೀನ್ ತಿದ್ದಲು ಆಗುವುದಿಲ್ಲವಲ್ಲ, ಅದಕ್ಕೇ ಅಂಥ ಜೀನ್ ಪಡೆದವರಲ್ಲಿ ಕಾಯಿಲೆ ಜಾಸ್ತಿಯೋ ಕಡಿಮೆಯೋ ಅಂತ ತುಂಬಾ ಜನರ ಮಾಹಿತಿ ಗುಡ್ಡೆ ಹಾಕಿ ನೋಡುತ್ತಾರೆ. ಮೆಂಡೇಲಿಯನ್ ರ‍್ಯಾಂಡಮೈಸೇಷನ್ ಅಂತ ಹೆಸರು. ಎಲ್ಲ ಉರಿಯೂತದ ಕಾಯಿಲೆಗೂ ಒಂದೇ ಉತ್ತರ ಸಿಕ್ಕಿಲ್ಲ. ಸಿಕ್ಕರೂ ಅದು ಗುಂಪಿನ ಸರಾಸರಿ, ನಿಮ್ಮೊಬ್ಬರ ಜಾತಕವಲ್ಲ. ರುಮಟಾಯ್ಡ್‌ನಲ್ಲಿ ವಂಶದಿಂದ ಬರುವ ಅಪಾಯದಲ್ಲಿ ಎಚ್‌ಎಲ್‌ಎ ಅನ್ನುವ ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳದ್ದೇ ದೊಡ್ಡ ಪಾಲು, ಅದರ ಮೇಲೆ ಸಿಗರೇಟು ಸೇರಿದರೆ ಇನ್ನೂ ಕೆಟ್ಟದ್ದು.

ಉತ್ತರ 2: ಮಾತ್ರೆ ಬೇಡ. ನಾನು ಸೋರಿಯಾಸಿಸ್‌ಗೆ ಅಂತ ಆರು ತಿಂಗಳು ನುಂಗಿದೆ, ಚರ್ಮ ಹೇಗಿತ್ತೋ ಹಾಗೇ ಇದೆ. 2009ರಲ್ಲಿ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ಟಾಕ್ ಅವರಿಗೆ ಈ ವಿಷಯಕ್ಕೆ ನೊಬೆಲ್ ಬಂದಿದ್ದು ನಿಜ, ಅದನ್ನೇ ಡಬ್ಬಿ ಮೇಲೆ ಅಚ್ಚು ಹಾಕಿ ಮಾರುವವರಿದ್ದಾರೆ. ಉದ್ದ ಇದ್ದಷ್ಟೂ ಒಳ್ಳೆಯದು ಅನ್ನುವುದೂ ಸುಳ್ಳು. ಹುಟ್ಟಿನಿಂದ ಟೆಲೊಮಿಯರ್ ಉದ್ದ ಇರುವವರಿಗೆ ಮೆಲನೋಮಾದಂಥ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೆಲವು ಕ್ಯಾನ್ಸರ್‌ಗಳ ಅಪಾಯ ಜಾಸ್ತಿ ಅಂತ ಇದೇ ಜೀನ್ ಅಧ್ಯಯನಗಳು ಹೇಳುತ್ತವೆ.

ಉತ್ತರ 3: ನಮ್ಮ ಮನೆ ಕಥೆ ಬೇರೆ. ಚಿಕ್ಕಪ್ಪನಿಗೆ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್, ಅವರ ಮಗನಿಗೆ ಇಪ್ಪತ್ತರಲ್ಲೇ ತಲೆ ಪೂರ್ತಿ ಬೆಳ್ಳಗೆ, ಪ್ಲೇಟ್‌ಲೆಟ್ ಕಡಿಮೆ. ಇಂಥದ್ದು ಒಂದೇ ಕುಟುಂಬದಲ್ಲಿ ಸೇರಿಕೊಂಡರೆ ವಂಶದಲ್ಲೇ ಬರುವ ಟೆಲೊಮಿಯರ್ ಕಾಯಿಲೆ ಇರಬಹುದು, ಆಗ ಮಾತ್ರ ಈ ಅಳತೆಗೆ ಬೆಲೆ. ಅದೂ ಫ್ಲೋ ಫಿಶ್ ಅನ್ನುವ ವಿಧಾನದಲ್ಲಿ, ಜೆನೆಟಿಕ್ಸ್ ಡಾಕ್ಟರು ಹೇಳಿದ ಮೇಲೆ. ಸುಮ್ನೆ ಕುತೂಹಲಕ್ಕೆ ಮಾಡಿಸಿದರೆ ನಿದ್ದೆ ಕೆಡುವುದೊಂದೇ ಲಾಭ.

ಪ್ರಶ್ನೆ ಕೇಳಿದವರು: ಮಾತ್ರೆ ಆರ್ಡರ್ ಕ್ಯಾನ್ಸಲ್ ಮಾಡಿದೆ. ಬೆಳಗ್ಗೆ ಎದ್ದಾಗ ಬೆರಳು ಹಿಡಿದುಕೊಳ್ಳುತ್ತವೆ, ಹತ್ತು ನಿಮಿಷಕ್ಕೆ ಸರಿಯಾಗುತ್ತದೆ. ಇದು ಲಕ್ಷಣವಾ?

ಉತ್ತರ 1: ಹತ್ತು ನಿಮಿಷಕ್ಕೆ ಬಿಟ್ಟರೆ ಅಷ್ಟೇನೂ ಗಾಬರಿ ಬೇಡ. ನನಗೆ ಶುರುವಿನಲ್ಲಿ ಒಂದು ಗಂಟೆಯಾದರೂ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ಗೆಣ್ಣು ಊದಿಕೊಳ್ಳುತ್ತಿತ್ತು. ಆದರೂ ಅಮ್ಮನಿಗೆ ಇದೆ ಅಂತ ಹೇಳಿ ಒಮ್ಮೆ ತೋರಿಸಿ. ರುಮಟಾಯ್ಡ್ ಪತ್ತೆಗೆ ನೆರವಾಗುವ ಆಂಟಿ ಸಿಸಿಪಿ ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನೇ ಕೇಳಿ.