ಸೋಡಿಯಂ ನಿಜಕ್ಕೂ ಎಲೆಕ್ಟ್ರಾನನ್ನು ಕೊಡಲು ಹಾತೊರೆಯುತ್ತದೆಯೇ?

ಸ್ನಾತಕೋತ್ತರ ವಿದ್ಯಾರ್ಥಿ: ಹತ್ತನೆಯ ತರಗತಿಯ ನನ್ನ ತಂಗಿಯ ಟಿಪ್ಪಣಿಯಲ್ಲಿ, ‘ಒಳಗಿನಿಂದ ಹೊರಕ್ಕೆ ಕವಚಗಳಲ್ಲಿ ಕ್ರಮವಾಗಿ 2, 8, 1 ಎಲೆಕ್ಟ್ರಾನುಗಳ ವಿನ್ಯಾಸದ ಸೋಡಿಯಂ ಹೊರಕವಚದ ಒಂದು ಎಲೆಕ್ಟ್ರಾನನ್ನು ಕೊಟ್ಟು ಸ್ಥಿರವಾಗಲು ಹಾತೊರೆಯುತ್ತದೆ’ ಎಂದಿದೆ. ಇದು ತಪ್ಪೆಂಬುದು ನನ್ನ ವಾದ. ಒಂದು ಮೋಲ್, ಅಂದರೆ ಸುಮಾರು 6×10²³, ಸೋಡಿಯಂ ಪರಮಾಣುಗಳಿಂದ ಆ ಎಲೆಕ್ಟ್ರಾನನ್ನು ಕೀಳಲು 496 ಕಿಲೋಜೂಲ್ ಶಕ್ತಿ ಬೇಕು. ಕ್ಲೋರಿನ್ ಅದನ್ನು ಸ್ವೀಕರಿಸಿದಾಗ ಹೊರಬರುವುದು ಬರೀ 349. ಹಾತೊರೆಯುವವರಿಂದ ಯಾರಾದರೂ ಕಿತ್ತುಕೊಳ್ಳಬೇಕಾಗುತ್ತದೆಯೇ?

ಪ್ರೌಢಶಾಲಾ ಶಿಕ್ಷಕಿ: ಸೀಮೆಎಣ್ಣೆಯಿಂದ ತೆಗೆದ ಸೋಡಿಯಂ ತುಂಡನ್ನು ಚಾಕುವಿನಿಂದ ಕತ್ತರಿಸಿದಾಗ ಬೆಳ್ಳಿಯಂತೆ ಹೊಳೆದ ಮೈ ನೋಡನೋಡುತ್ತಲೇ ಮಂಕಾಗುವುದನ್ನೂ, ಸಾಸಿವೆಯಷ್ಟು ಚೂರು ನೀರಿನ ಮೇಲೆ ಸುಯ್ಯೆಂದು ಓಡಾಡುವುದನ್ನೂ ಕಂಡ ಮಕ್ಕಳಿಗೆ ‘ಆತುರ’ ಎಂಬ ಮಾತು ತಟ್ಟನೆ ಅರ್ಥವಾಗುತ್ತದೆ. ತಮ್ಮ ಲೆಕ್ಕದಲ್ಲಿ ನಷ್ಟವೇ ಇದ್ದರೆ, ಉಪ್ಪು ಉಂಟಾಗುವಾಗ ಅಷ್ಟು ಶಾಖ ಎಲ್ಲಿಂದ ಬರುತ್ತದೆ?

ಸ್ನಾತಕೋತ್ತರ ವಿದ್ಯಾರ್ಥಿ: ಸ್ಫಟಿಕದಿಂದ, ಮೇಡಂ. ಬಿಡಿಬಿಡಿಯಾಗಿದ್ದ ಧನ ಮತ್ತು ಋಣ ಅಯಾನುಗಳು ಒಂದನ್ನೊಂದು ಸೆಳೆದು ಜಾಲಕವಾಗಿ ಕೂಡಿಕೊಂಡಾಗ ಮೋಲ್‌ಗೆ ಸುಮಾರು 787 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಹಾಗಾದರೆ ಎಲೆಕ್ಟ್ರಾನ್ ವಿನ್ಯಾಸದ ಪಾತ್ರವೇನು?

ನಿವೃತ್ತ ಉಪನ್ಯಾಸಕ: ಆ ಪಾತ್ರವನ್ನು ಇಬ್ಬರೂ ಮರೆತಿದ್ದೀರಿ. ಸೋಡಿಯಂನ ಎರಡನೆಯ ಎಲೆಕ್ಟ್ರಾನನ್ನು ಕೀಳಲು 4562 ಕಿಲೋಜೂಲ್ ಬೇಕು, ಅಂದರೆ ಮೊದಲನೆಯದರ ಒಂಬತ್ತು ಪಟ್ಟಿಗೂ ಹೆಚ್ಚು. ಹೊರಗಿನ ಒಂಟಿ ಎಲೆಕ್ಟ್ರಾನಿಗೆ 11 ಪ್ರೋಟಾನುಗಳ ಸೆಳೆತ ತಟ್ಟದಂತೆ ಒಳಗಿನ 10 ಎಲೆಕ್ಟ್ರಾನುಗಳು ಬಹುಪಾಲು ಮರೆಮಾಡುತ್ತವೆ; ಅದರ ನಂತರದ್ದೋ ನ್ಯೂಕ್ಲಿಯಸ್ಸಿಗೆ ಹತ್ತಿರದ ಕವಚದಲ್ಲಿದ್ದು ಬಿಗಿ ಹಿಡಿತಕ್ಕೆ ಸಿಕ್ಕಿರುತ್ತದೆ. ಆದ್ದರಿಂದ 2, 8, 1 ಎಂಬುದು ಸೋಡಿಯಂನ ಆಸೆಯನ್ನಲ್ಲ, ಬೆಲೆ ಎಲ್ಲಿ ಹಠಾತ್ತನೆ ಏರುತ್ತದೆ ಎಂಬುದನ್ನು ಹೇಳುತ್ತದೆ. ಜಾಲಕವು 496ನ್ನು ತುಂಬಿಕೊಡಬಲ್ಲದು, 4562ನ್ನು ಅಲ್ಲ. ಇನ್ನೊಂದು ಕವಚ ಹೆಚ್ಚಿರುವ ಪೊಟ್ಯಾಸಿಯಂಗೆ 419 ಸಾಕು. ಅದು ನೀರಿಗೆ ಬಿದ್ದೊಡನೆ ನೇರಳೆ ಜ್ವಾಲೆ ಏಳುತ್ತದೆ.

ಶಿಕ್ಷಕಿ: ಹಾಗಿದ್ದರೆ ಹೊರಕವಚದಲ್ಲಿ ಎಂಟು ತುಂಬಿದ ಪರಮಾಣು ಅಲುಗದೆನ್ನಬಹುದಲ್ಲವೇ, ಸರ್?

ನಿವೃತ್ತ ಉಪನ್ಯಾಸಕ: 1962ರವರೆಗೆ ಬಹುತೇಕರು ಹಾಗೆಯೇ ನಂಬಿದ್ದರು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಸಂಯುಕ್ತವು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನನ್ನು ಸೆಳೆದುದನ್ನು ಕಂಡ ರಸಾಯನಶಾಸ್ತ್ರಜ್ಞ ನೀಲ್ ಬಾರ್ಟ್ಲೆಟ್, ಆ ಅಣುವಿನ ಮತ್ತು ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳಿರುವ ಕ್ಸೆನಾನ್ ಅನಿಲದ ಅಯಾನೀಕರಣ ಶಕ್ತಿಗಳು (ಮೊದಲ ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ) ಹೆಚ್ಚುಕಡಿಮೆ ಒಂದೇ, ಸುಮಾರು 1170 ಕಿಲೋಜೂಲ್, ಎಂಬುದನ್ನು ಗಮನಿಸಿ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಅನಿಲವನ್ನು ಕ್ಸೆನಾನ್‌ನೊಂದಿಗೆ ಬೆರೆಸಿದರು. ‘ಜಡ’ವೆನಿಸಿದ್ದ ಕ್ಸೆನಾನ್ ಅದರೊಂದಿಗೆ ಕೂಡಿ ಹಳದಿ ಬಣ್ಣದ ಘನವಸ್ತುವಾಯಿತು.

ಶಿಕ್ಷಕಿ: ನಾಳೆಯಿಂದ ‘ಹಾತೊರೆಯುತ್ತದೆ’ ಬಿಟ್ಟು ‘ಸುಲಭವಾಗಿ ಕಳೆದುಕೊಳ್ಳುತ್ತದೆ’ ಎನ್ನುತ್ತೇನೆ. ಯಾವುದಕ್ಕಿಂತ ಸುಲಭ ಎಂದು ಮೊದಲ ಬೆಂಚಿನವರು ಕೇಳದೆ ಬಿಡುವುದಿಲ್ಲ. ಆಗ 496 ಮತ್ತು 4562ನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯುತ್ತೇನೆ.