ಮಗು ತೊಡೆ ಮೇಲಿದ್ದಾಗ ನಾಲ್ಕು ಗಂಟೆಯ ಚೆಸ್ ಆಟ ಹೇಗೆ ನೋಡ್ತೀರಿ?

ನಿದ್ದೆಗೆಟ್ಟ ರಾಣಿ:

ಈ ಚೆಸ್ ಗುಂಪಿನ ಹಳಬರಿಗೆ ನನ್ನ ನೆನಪಿರಬಹುದು. ಲೈವ್ ಆಟ ಶುರುವಾದರೆ ಮೊದಲ ಕಮೆಂಟು ನನ್ನದೇ ಇರ್ತಿತ್ತು. "ಬಿಷಪ್ ಅನ್ನಬೇಡಿ, ಒಂಟೆ ಅನ್ನಿ" ಅಂತ ಮೂರು ದಿನ ಜಗಳ ಆಡಿದವಳೂ ನಾನೇ. ಆಮೇಲೆ ಮಗಳು ಹುಟ್ಟಿದಳು. ಈಗ ಅವಳಿಗೆ ವರ್ಷ ತುಂಬಿದೆ. ಈ ವರ್ಷದಲ್ಲಿ ಮೊದಲ ನಡೆಯಿಂದ ಕೊನೆಯ ನಡೆವರೆಗೆ ನಾನು ಕೂತು ನೋಡಿದ ಆಟ ಒಂದೂ ಇಲ್ಲ.

ಅತಿ ಹತ್ತಿರ ಹೋಗಿದ್ದು 2024ರ ಡಿಸೆಂಬರ್ 12ರಂದು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗುಕೇಶ್–ಡಿಂಗ್ ಲಿರೆನ್ 14ನೇ ಆಟ, ಸಮ ಸಮ ಆರೂವರೆ ಪಾಯಿಂಟು. ಮಗು ಎಡತೋಳಲ್ಲಿ, ಫೋನು ದಿಂಬಿಗೆ ಒರಗಿಸಿಟ್ಟು ಗಂಟೆಗಟ್ಟಲೆ ಅಲ್ಲಾಡದೆ ಕೂತಿದ್ದೆ. ಕಾಲು ಜೋಮು ಹಿಡಿದು ಮರದ ಕೊರಡಾಗಿತ್ತು. ಗುಕೇಶ್ ಹತ್ರ ಒಂದು ಕಾಲಾಳು ಹೆಚ್ಚಿತ್ತು, ಅಷ್ಟೆ. "ಡ್ರಾ ಗ್ಯಾರಂಟಿ, ನಾಳೆ ಟೈಬ್ರೇಕ್" ಅಂತ ನೀವೆಲ್ಲ ಬರೀತಿದ್ರಿ. ಅಷ್ಟರಲ್ಲಿ ಡೈಪರ್ ತುಂಬಿತು. ಡ್ರಾ ತಾನೆ ಅಂತ ಎದ್ದುಹೋದೆ. ಬಂದು ನೋಡಿದರೆ ಗುಕೇಶ್ ಮುಖ ಮುಚ್ಚಿಕೊಂಡು ಅಳ್ತಿದಾನೆ. ಡಿಂಗ್ 55ನೇ ನಡೆಗೆ ಆನೆಯನ್ನ ಎಫ್2 ಮನೆಗೆ ಇಟ್ಟು ಗೆಲುವನ್ನ ಗುಕೇಶ್ ಕೈಗೆ ಕೊಟ್ಟುಬಿಟ್ಟಿದ್ದರು. "ಏನಾಯ್ತು?" ಅಂತ ಬರೆದೆ. "ಗುಡ್ ಮಾರ್ನಿಂಗ್ ಮೇಡಂ" ಅಂತ ಉತ್ತರ ಬಂತು. ನಾನೂ ನಕ್ಕೆ. ಆದರೆ ಇವತ್ತಿಗೂ ಡೈಪರ್ ಪ್ಯಾಕೆಟ್ ಕಂಡರೆ ಎಫ್2 ನೆನಪಾಗುತ್ತೆ.

2025ರ ಜುಲೈನಲ್ಲಿ ಮಹಿಳಾ ಚೆಸ್ ವಿಶ್ವಕಪ್ ಫೈನಲ್. ದಿವ್ಯಾ ದೇಶಮುಖ್–ಕೊನೇರು ಹಂಪಿ ಟೈಬ್ರೇಕ್ ದಿನ ಇವಳಿಗೆ ಜ್ವರ. ದಿವ್ಯಾ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದಳು ಅಂತ ನನಗೆ ತಿಳಿದಿದ್ದು ಮೂರು ದಿನ ಆದಮೇಲೆ.

ಆಡೋದಂತೂ ಕೇಳಲೇಬೇಡಿ. ರಾತ್ರಿ ಮೂರು ಗಂಟೆಗೆ ಹಾಲು ಕುಡಿಸುತ್ತಾ ಒಂದೇ ಹೆಬ್ಬೆರಳಲ್ಲಿ ಹತ್ತು ನಿಮಿಷದ ಆಟ. 1340 ಇದ್ದ ರೇಟಿಂಗು 1090ಕ್ಕೆ ಬಂದಿದೆ. ಮೊನ್ನೆ ಗೆಲ್ಲೋ ಆಟದಲ್ಲಿ ಮಗಳ ಹಿಮ್ಮಡಿ ಸ್ಕ್ರೀನಿಗೆ ತಾಗಿ, ನನ್ನ ರಾಣಿ ಸೀದಾ ಎದುರಾಳಿಯ ಒಂಟೆ ಬಾಯಿಗೆ ಹೋಯ್ತು. ಅವನು ಚಾಟಲ್ಲಿ "ಥ್ಯಾಂಕ್ಸ್" ಅಂದ.

ಕಳೆದ ವಾರ ಇಲ್ಲಿನ ಹಳೇ ಮಾತುಕತೆ ಓದ್ತಾ ಕೂತೆ. ಒಂದು ಜೋಕಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕಿದೀರಿ. ನನಗೆ ನಗು ಎಲ್ಲಿ ಬರಬೇಕು ಅಂತಾನೇ ಗೊತ್ತಾಗಲಿಲ್ಲ. ಯಾವುದೋ ಟೂರ್ನಿಯ ಯಾವುದೋ ನಡೆ ಇರಬೇಕು. ನಮ್ಮ ಮನೆ ಮದುವೆಗೇ ಲೇಟಾಗಿ ಹೋಗಿ, ಎಲೆ ಎತ್ತಿದ ಮೇಲೆ ಬಾಗಿಲಲ್ಲಿ ನಿಂತ ಹಾಗಾಯ್ತು.

ಮಕ್ಕಳಿರೋರು ಹೇಗೆ ನಿಭಾಯಿಸ್ತೀರಿ? ಅಥವಾ ನಾನಿನ್ನು ಸುಮ್ಮನೆ ಹೊರಟುಬಿಡಲಾ?

ಮೂಲೆಯ ಕುದುರೆ:

ಅಕ್ಕಾ, ಹೊರಡೋ ಮಾತು ಬೇಡ. ಒಂಟೆ ಪಕ್ಷಕ್ಕೆ ಈಗಲೇ ಜನ ಕಮ್ಮಿ.

ಮೊದಲು ಹಿಮ್ಮಡಿಗೆ ಮದ್ದು. ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ನಡೆ ಆಡಿದ ಮೇಲೆ "ಖಚಿತವಾ?" ಅಂತ ಕೇಳೋ ಆಯ್ಕೆ ಇದೆ, ಆನ್ ಮಾಡಿ. ಆಮೇಲೆ ಹತ್ತು ನಿಮಿಷದ ಆಟ ಬಿಟ್ಟುಬಿಡಿ. ಒಂದು ನಡೆಗೆ ಮೂರು ದಿನ ಟೈಮ್ ಕೊಡೋ ಆಟ ಶುರು ಮಾಡಿ. ಗಡಿಯಾರ ನೋಡ್ಕೊಂಡು ಹಾಲು ಕುಡಿಸೋದು ತಾಯಿಗೂ ಒಳ್ಳೇದಲ್ಲ, ಮಗುಗೂ ಒಳ್ಳೇದಲ್ಲ, ರಾಣಿಗಂತೂ ಅಲ್ಲವೇ ಅಲ್ಲ.

ನಮ್ಮನೇಲಿ ಮಕ್ಕಳಿಲ್ಲ, ಕಷ್ಟ ಬೇರೆ ಥರ. ಹೆಂಡತಿಗೂ ಈ ಹುಚ್ಚು ಹತ್ತಲಿ ಅಂತ ಕಲಿಸೋಕೆ ಕೂತೆ. ಎರಡನೇ ದಿನಾನೇ ಎನ್ ಪಾಸಾಂಟ್ ಮಾಡಿ ಅವಳ ಕಾಲಾಳು ಎತ್ತಿದೆ. "ಪಕ್ಕದಲ್ಲಿ ನಿಂತಿರೋದನ್ನ ಓರೆಯಾಗಿ ಹೋಗಿ ಹೊಡೆಯೋದು ಯಾವ ಊರಿನ ನ್ಯಾಯ?" ಅಂದಳು. ಇದು ನೂರಾರು ವರ್ಷದ ನಿಯಮ, ಅದೂ ಆ ಕಾಲಾಳು ಎರಡು ಮನೆ ಹಾರಿದ ಕೂಡಲೇ ಮಾತ್ರ ಹೊಡೀಬಹುದು ಅಂತ ವಿವರಿಸಿದಷ್ಟೂ ನಾನು ಹೆಚ್ಚು ಹೆಚ್ಚು ಕಳ್ಳನ ಥರ ಕಾಣ್ತಾ ಹೋದೆ. ಈಗ ನಮ್ಮನೇಲಿ ಲೂಡೋ ಮಾತ್ರ.

ಇನ್ನೊಂದು ವಿಷಯ. ಹಂಪಿ ಕೂಡ ತಾಯ್ತನಕ್ಕೆ ಅಂತ ಸುಮಾರು ಎರಡು ವರ್ಷ ಬಿಟ್ಟು 2018ರಲ್ಲಿ ವಾಪಸ್ ಬಂದವರು. 2019ರಲ್ಲಿ ಮಹಿಳೆಯರ ವಿಶ್ವ ರಾಪಿಡ್ (ಕಡಿಮೆ ಹೊತ್ತಿನ ಆಟ) ಚಾಂಪಿಯನ್‌ಶಿಪ್ ಗೆದ್ದರು, 2024ರಲ್ಲಿ ಮತ್ತೆ ಗೆದ್ದರು. ನೀವೂ ಬರ್ತೀರಿ.

ಅರ್ಧ ಪಾಯಿಂಟು:

ಬೇಜಾರು ಮಾಡ್ಕೋಬೇಡಿ, ನನ್ನದು ಸ್ವಲ್ಪ ಖಾರದ ಮಾತು. ಲೈವ್ ಆಟದ ಮಧ್ಯೆ ಹಲ್ಲುನೋವು, ಆಫೀಸಿನ ಜಗಳ, ಮನೆ ಖಾಲಿ ಮಾಡಿದ ಕಥೆ ಎಲ್ಲ ಬರೋಕೆ ಶುರುವಾಗಿ ಎರಡು ವರ್ಷ ಆಯ್ತು. ನಾನು ಇಲ್ಲಿಗೆ ಬರೋದೇ ಮನೆ ಮರೆಯೋಕೆ. ನಮ್ಮಮ್ಮ ಹಾಸಿಗೆ ಹಿಡಿದು ಬಹಳ ದಿನ ಆಯ್ತು. ಆಟ ನಡೀತಿರೋ ಅಷ್ಟು ಹೊತ್ತು ನನಗೆ ಆನೆ, ಕುದುರೆ ಬಿಟ್ಟು ಬೇರೇನೂ ಬೇಡ. ಅಂಥ ಹೊತ್ತಲ್ಲಿ ಇನ್ಯಾರದೋ ಆಸ್ಪತ್ರೆ ಸುದ್ದಿ ಕಣ್ಣಿಗೆ ಬಿದ್ದರೆ ನಾನು ಮತ್ತೆ ನಮ್ಮನೆ ಮಂಚದ ಪಕ್ಕಕ್ಕೇ ಬಂದು ಬೀಳ್ತೀನಿ.

ಮೇಡಂ ಹೀಗೆ ಬೇರೆ ಎಳೆ ಮಾಡಿ ಕೇಳಿದ್ದು ಸರಿ. ಇಲ್ಲಿ ಎಷ್ಟು ಬೇಕಾದರೂ ಬರೀರಿ, ಓದ್ತೀನಿ. ಲೈವಲ್ಲಿ ಬೇಡ.

ಅಂದಹಾಗೆ ಆ "ಗುಡ್ ಮಾರ್ನಿಂಗ್" ಬರೆದಿದ್ದು ನಾನೇ. ಡೈಪರ್ ವಿಷಯ ಗೊತ್ತಿರಲಿಲ್ಲ.

ಪೋಸ್ಟ್‌ಕಾರ್ಡ್ ಕಾಲದವನು:

ತಂಗಿ, ನಾಲ್ಕು ಗಂಟೆಯ ಆಟ ಕೈತಪ್ಪಿತು ಅಂತ ಕೊರಗ್ತೀಯಲ್ಲ, ನನ್ನ ಒಂದು ಆಟ ಎರಡು ವರ್ಷಕ್ಕೂ ಹೆಚ್ಚು ನಡೆದಿದೆ. ನಾನು ಆಡ್ತಿದ್ದಿದ್ದು ಅಂಚೆ ಚೆಸ್. ಹತ್ತು ನಡೆಗೆ ಮೂವತ್ತು ದಿನ ಯೋಚನೆಗೆ ಅವಕಾಶ, ಕಾರ್ಡು ದಾರಿಯಲ್ಲಿ ಕಳೆಯೋ ದಿನ ಲೆಕ್ಕಕ್ಕಿಲ್ಲ. ಎದುರಾಳಿ ಬೇರೆ ದೇಶದವನು. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಅದಕ್ಕೇ ಅಂಕಿಗಳಲ್ಲಿ ಬರೆಯೋ ಪದ್ಧತಿ ಇತ್ತು. ಎ ಸಾಲು 1, ಬಿ ಸಾಲು 2, ಹೀಗೆ ಎಚ್ ಸಾಲು 8. ಇ2ರಿಂದ ಇ4ಕ್ಕೆ ಅಂದರೆ 5254. ಅಷ್ಟು ಬರೆದರೆ ಪ್ರಪಂಚದಲ್ಲಿ ಯಾರಿಗಾದರೂ ತಿಳೀತಿತ್ತು.

ಅಂಕಿ ಬರೆದ ಮೇಲೂ ಕಾರ್ಡಿನಲ್ಲಿ ಜಾಗ ಉಳಿಯುತ್ತಲ್ಲ. ಖಾಲಿ ಬಿಡೋಕೆ ಮನಸ್ಸು ಬಾರದೆ ಇಬ್ಬರೂ ಹರಕುಮುರುಕು ಇಂಗ್ಲಿಷಲ್ಲಿ ಒಂದೊಂದು ಸಾಲು ಗೀಚೋಕೆ ಶುರು ಮಾಡಿದೆವು. "ಇಲ್ಲಿ ವಿಪರೀತ ಹಿಮ." "ನನಗೆ ವರ್ಗ ಆಯಿತು, ವಿಳಾಸ ಬದಲಾಗುತ್ತೆ." "ಹೆಂಡತಿಗೆ ಆಪರೇಷನ್, ಕಾರ್ಡು ತಡ ಆದೀತು." ಅವನ ಮುಖ ನಾನು ನೋಡಿದ್ದಿಲ್ಲ. ಆದರೆ ಅವನ ಹೆಂಡತಿ ಯಾವಾಗ ಎದ್ದು ಓಡಾಡಿದಳು ಅಂತ ಗೊತ್ತಿತ್ತು.

ಇಪ್ಪತ್ತಮೂರನೇ ನಡೆಗೆ ನಾನು ಗೆಲ್ಲೋ ಹಾಗಿದ್ದೆ. ಆಗ ಬಂದ ಕಾರ್ಡಲ್ಲಿ "ತಂದೆ ತೀರಿಕೊಂಡರು" ಅಂತಿತ್ತು. ಅದರ ಮೇಲುಗಡೆ ನಾಲ್ಕು ಅಂಕಿ. ಮಣೆ ಮೇಲೆ ಇಟ್ಟು ನೋಡಿದರೆ ಪುಣ್ಯಾತ್ಮ ನನ್ನ ಕುದುರೆ ಹೊಡೆದಿದಾನೆ! ಅದು ನಾನು ಕನಸಲ್ಲೂ ಎಣಿಸದ ನಡೆ. ಸಂತಾಪ ಬರೆದು, ಡ್ರಾ ಮಾಡಿಕೊಳ್ಳೋಣ ಅಂದೆ. "ಬೇಡ, ಆಡು" ಅಂತ ಉತ್ತರ. ಆಡಿದೆ, ಸೋತೆ. ಆ ಕಾರ್ಡುಗಳು ಇನ್ನೂ ಇವೆ. ಆಟ ನೆನಪು ಮಾಡಿಕೊಳ್ಳೋಕೆ ಅಂತ ತೆಗೀತೀನಿ, ಕೆಳಗಿನ ಸಾಲುಗಳನ್ನ ಓದಿ ವಾಪಸ್ ಇಡ್ತೀನಿ.

ನಿನಗೆ ಅರ್ಥವಾಗದ ಆ ಜೋಕು ನನಗೂ ಅರ್ಥ ಆಗಿಲ್ಲ. ಗೊತ್ತಿರೋರ ಹಾಗೆ ಒಂದು ನಗುಮುಖ ಒತ್ತಿದೆ, ಅಷ್ಟೆ. ಮೂರು ದಿನದ ಆಟ ಆಡೋದಾದರೆ ನಾನಿದೀನಿ.

ನಿದ್ದೆಗೆಟ್ಟ ರಾಣಿ:

ಒಬ್ಬೊಬ್ಬರಿಗೇ ಉತ್ತರ ಬರೀತೀನಿ, ಇವಳು ಏಳೋವರೆಗೆ.

ಕುದುರೆ ತಮ್ಮಾ, "ಖಚಿತವಾ?" ಆಯ್ಕೆ ನಿನ್ನೆ ರಾತ್ರಿನೇ ಆನ್ ಮಾಡಿದೆ. ಹಿಮ್ಮಡಿ ಮೊದಲು ಆನೆಯನ್ನ ಜರುಗಿಸಿತು, ಆಮೇಲೆ ಒಪ್ಪಿಗೆ ಗುರುತನ್ನೂ ಅದೇ ಒತ್ತಿತು. ಮತ್ತೆ ಹಂಪಿ ಉದಾಹರಣೆ ದಯವಿಟ್ಟು ಬೇಡ. ಅವರು ಬಿಟ್ಟುಹೋದಾಗ ರೇಟಿಂಗು 2500ರ ಮೇಲಿತ್ತು. ನಾನು ಬಿಟ್ಟಿದ್ದು 1340ರಲ್ಲಿ. ನಮ್ಮತ್ತೆಗೆ ಹಂಪಿ ಬಗ್ಗೆ ಗೊತ್ತಾದರೆ ನನ್ನ ಕಥೆ ಮುಗೀತು.

ಅರ್ಧ ಪಾಯಿಂಟು ಅವರೇ, ಲೈವಲ್ಲಿ ಬರೆಯಲ್ಲ, ಮಾತು ಕೊಟ್ಟೆ. ಅಮ್ಮನ ವಿಷಯ ಇಷ್ಟು ವರ್ಷದಲ್ಲಿ ನೀವು ಒಮ್ಮೆಯೂ ಹೇಳಿರಲಿಲ್ಲ. ಈಗ ಹೇಗಿದಾರೆ? ಇಲ್ಲೇ ಬರೀರಿ, ಇದು ಲೈವ್ ಅಲ್ಲ. ಅಂದಹಾಗೆ ಆ ಜೋಕು ಏನು ಅಂತ ಯಾರಾದರೂ ಈಗಲಾದರೂ ಬಿಡಿಸಿ ಹೇಳ್ತೀರಾ? ಸರ್‌ಗೂ ಬೇಕಂತೆ.

ಸರ್, ಬಿಳಿ ಕಾಯಿ ನನಗೆ ಕೊಡಿ. ನಿಮಗಿಂತ ಚಿಕ್ಕವಳು, ರೇಟಿಂಗಲ್ಲೂ ಚಿಕ್ಕವಳು.

5254.

ಇವಳಿಗೆ ನಿನ್ನೆಯಿಂದ ಮೇಲಿನ ಎರಡು ಹಲ್ಲು ಮೂಡ್ತಿವೆ. ತಡ ಆದೀತು.